ಬಾಗಿಲ ಸಂದಿಯಲ್ಲಿ ತಳ್ಳಿದ ಚೀಟಿ

ಅಕ್ಕನ ಮಗಳು ಕೃತಿಕಾಳಿಗೆ, ಒಗಟು ಬಿಡಿಸಿ ಹೊರಬರಬೇಕಾದ ನಿನ್ನ ಮೂಡಿಗೆರೆಯ ಎಸ್ಕೇಪ್ ರೂಮಿನ ಒಳಗಿನಿಂದ ರೇವಣ್ಣ ಮಾವನ ಆಶೀರ್ವಾದಗಳು.

ಸುಳಿವು ಬೇಕಾದವರು ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತಳ್ಳಿ ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗಲ್ಲ, ನಿನ್ನ ಮುದ್ದಮ್ಮತ್ತೆಗೆ. ನಾನು ಒಂಟಿ ಸಲಗದ ಎದುರು ಬರೀ ಟಾರ್ಚ್ ಹಿಡಿದು ನಿಂತವನು. ಕಳಸದಲ್ಲಿ ಯಾರನ್ನು ಬೇಕಾದರೂ ಕೇಳು.

ಇಲ್ಲಿ ನನ್ನ ಮಗಳು ತನುಜಾ, ಅಳಿಯ ಹಾಲೇಶ್ ಇಬ್ಬರೇ ಇಂಗ್ಲಿಷ್ ಒಗಟುಗಳನ್ನು ಚಕಚಕನೆ ಬಿಡಿಸುತ್ತಿದ್ದಾರೆ. ನಾವಿಬ್ಬರು ಗೋಡೆಗೆ ಒರಗಿ ನಿಂತಿದ್ದೆವು. ಕೆಲಸವಿಲ್ಲದೆ ನಿಂತವರಿಗೇ ನೀನು ಹೆದರಿಸಲು ಇಟ್ಟ ಆ ಕೆಂಪು ದೀಪ, ಸ್ಪೀಕರಿನಿಂದ ಬರುವ ಆ ಉಸಿರಾಟದ ಸದ್ದು ಎಲ್ಲ ಜಾಸ್ತಿ. ದೀಪ ಆರಿದಾಗ ನಿನ್ನ ಅತ್ತೆ, "ಏನ್ರೀ, ನಿಮ್ಮ ಕೈ ಯಾಕೆ ಇಷ್ಟು ತಣ್ಣಗಿದೆ?" ಎಂದಳು. "ಗೋಡೆ ಮುಟ್ಟಿದ್ದೆ ಮಾರಾಯ್ತಿ" ಎಂದೆ.

ನೀನು ಅಲಂಕಾರಕ್ಕೆ ಇಟ್ಟ ಬುಟ್ಟಿಯಲ್ಲಿ ಅರೇಬಿಕಾ, ರೋಬಸ್ಟಾ ಕಾಫಿ ಬೀಜ ಬೆರೆತಿವೆ. ಅದನ್ನು ಕಂಡವಳೇ ಅವಳು ವಿಂಗಡಿಸಲು ಕೂತಳು. ಅವಳ ಹೆದರಿಕೆ ಹೋಯಿತು, ನನ್ನ ಕೈಯನ್ನೂ ಬಿಟ್ಟಳು. ಈಗ ಗೋಡೆಯ ಹತ್ತಿರ ನಾನೊಬ್ಬನೇ.

ಮುಂದಿನ ಸಲ ಆ ಬೀಜ ವಿಂಗಡಿಸಿದರೆ ಮಾತ್ರ ಬೀಗದ ನಂಬರ್ ಸಿಗುವ ಹಾಗೆ ಮಾಡು. ಒಳಗೆ ಬಂದ ಎಲ್ಲರ ಕೈಗೂ ಏನಾದರೊಂದು ಕೆಲಸ ಇರಲಿ.

ಬಾಗಿಲಿಗೆ ನಿಜವಾಗಿ ಬೀಗ ಹಾಕಿಲ್ಲ ಎಂದು ನೀನು ಮೊದಲೇ ಹೇಳಿದ್ದೆ. ಅದನ್ನು ಮೈಕಿನಲ್ಲಿ ಇನ್ನೊಮ್ಮೆ ಹೇಳು. ಅತ್ತೆಗೇ ಹೇಳುತ್ತಿರುವ ಹಾಗೆ, ಸ್ವಲ್ಪ ಜೋರಾಗಿ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ.

ಇಂತಿ, ಧೈರ್ಯವಾಗಿಯೇ ಇರುವ
ರೇವಣ್ಣ ಮಾವ