ಹದಿನಾಲ್ಕನೆಯ ಅಂಗಿ

ಜೈಲಿನಲ್ಲಿರುವ ಅಣ್ಣನಿಗೆ,

ನಿನ್ನನ್ನು ಅವಧಿಗೆ ಮುಂಚೆ ಬಿಡುಗಡೆ ಮಾಡುವ ಬಗ್ಗೆ ಸರ್ಕಾರದಿಂದ ಬಂದ ಕಾಗದ ಮೂರು ವಾರ ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬಿದ್ದಿತ್ತು. ನಿನ್ನನ್ನು ಮನೆಗೆ ಸೇರಿಸಿಕೊಳ್ಳುತ್ತೇವೆಂದು ನಾನು ಸಹಿ ಹಾಕಬೇಕು, ಇಲ್ಲದಿದ್ದರೆ ನಿನ್ನ ಅರ್ಜಿ ಮುಂದೆ ಹೋಗುವುದಿಲ್ಲ. ನಾನು ಹಾಕಲಿಲ್ಲ. ಮರೆತೆ ಎಂದು ಸುಳ್ಳು ಹೇಳುವುದಿಲ್ಲ. ಹೊಟ್ಟೆಕಿಚ್ಚು.

ನಿನಗೆ ನೆನಪಿದೆಯೋ ಇಲ್ಲವೋ. ಕೊಲೆ ಸಾಬೀತಾದ ಮೇಲೆ, ಶಿಕ್ಷೆ ಎಷ್ಟೆಂದು ಹೇಳುವ ಮುಂಚೆ, ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಅಮ್ಮ ಎದ್ದು ನಿಂತು, "ನನ್ನ ಇಬ್ರು ಮಕ್ಕಳಲ್ಲಿ ಇವನೇ ಒಳ್ಳೆಯವನು ಸ್ವಾಮಿ" ಅಂದಳು. ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತದ ನಾನು ಪಕ್ಕದಲ್ಲೇ ಕೂತಿದ್ದೆ. ನಿನಗೆ ಜೀವಾವಧಿಯಾಯಿತು. ನಾನು ಅಮ್ಮನನ್ನು ಮನೆಗೆ ಕರೆತಂದು ಅಡುಗೆ ಮಾಡಿ ಬಡಿಸಿದೆ.

ಅವತ್ತಿನಿಂದ ವರ್ಷಕ್ಕೊಂದು ಅಂಗಿ ನಿನಗಾಗಿ ಹೊಲಿಸುತ್ತಾಳೆ. "ಬಂದ ದಿನ ಹಾಕ್ಕೊಳ್ಳೋಕೆ ಬೇಕಲ್ವೇನೋ." ಅಳತೆ ಪುಸ್ತಕದಲ್ಲಿರುವ ನಿನ್ನ ಹಳೆಯ ಅಳತೆಗೇ ಕತ್ತರಿಸುತ್ತೇನೆ. ಹೊಲಿದಾದ ಮೇಲೆ ನನಗೇ ತೊಡಿಸಿ, ಬೆನ್ನು ಸವರಿ, ಕಾಲರ್ ಸರಿಮಾಡಿ, "ಅವನಿಗೆ ಚೆನ್ನಾಗಿ ಕೂರತ್ತೆ" ಅನ್ನುತ್ತಾಳೆ. ಅಣ್ಣಾ, ಅಮ್ಮ ನನ್ನ ಬೆನ್ನು ಸವರುವುದು ವರ್ಷಕ್ಕೆ ಅದೊಂದೇ ಸಲ, ಅದೂ ನಿನ್ನ ಅಂಗಿಯೊಳಗೆ ನಾನಿರುವಾಗ.

ನೀನು ಚೂರಿ ಹಾಕಿದವನ ಹೆಂಡತಿ ಇವತ್ತಿಗೂ ನನ್ನ ಅಂಗಡಿ ದಾಟಿ ದೂರದ ದರ್ಜಿಯ ಬಳಿ ಹೋಗುತ್ತಾಳೆ. ಅವಳ ಮುಖ ನೋಡಿ ಸಹಿ ಹಾಕಲಿಲ್ಲ ಎಂದರೆ ನಾನು ದೊಡ್ಡ ಮನುಷ್ಯನಾಗಿಬಿಡುತ್ತಿದ್ದೆ. ಆದರೆ ಕಾರಣ ಅದಲ್ಲ.

ಈ ವರ್ಷ ಹಠಕ್ಕೆ ಬಿದ್ದು ನನ್ನ ಅಳತೆಗೇ ಕತ್ತರಿಸಿದೆ. ಅಮ್ಮನ ಕಣ್ಣಿಗೆ ಪೊರೆ ಬಂದಿದೆ, ಅವಳಿಗೇನು ಗೊತ್ತಾಗುತ್ತದೆ ಎಂದುಕೊಂಡೆ. ಅವಳು ಅಂಗಿಯನ್ನು ಮಡಿಲಲ್ಲಿ ಹರಡಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಇದು ಅವನದಲ್ಲ ಕಣೋ, ನಿಂದು. ನಿನ್ನ ಎಡಭುಜ ಒಂಚೂರು ಇಳಿದಿದೆ, ಹುಟ್ಟಿದಾಗಿಂದ ಹಾಗೇ. ನೀನೇ ಹಾಕ್ಕೋ" ಅಂದಳು. ಎಡಭುಜ ಇಳಿಸಿ ಹೊಲಿದುಕೊಳ್ಳುವುದನ್ನು ನಾನು ಯಾರಿಗೂ ಹೇಳಿದವನಲ್ಲ. ಅಂಗಡಿಗೆ ಹೋಗಿ ಬಾಗಿಲು ಮುಚ್ಚಿಕೊಂಡು ಅತ್ತೆ.

ಆಮೇಲೆ ಸಹಿ ಹಾಕಿದೆ. ಕ್ಷಮಿಸಿದೆ ಎಂದುಕೊಳ್ಳಬೇಡ. ಕಣ್ಣೆದುರಿಗಿಲ್ಲದವನಲ್ಲಿ ಅಮ್ಮನಿಗೆ ಯಾವ ತಪ್ಪು ಕಂಡೀತು? ನೀನು ಬಾ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆ, ಬಾಗಿಲು ದಬ್ಬೆಂದು ಹಾಕು, ಅಮ್ಮನ ಕೈಲಿ ಬೈಸಿಕೋ. ಇಷ್ಟು ವರ್ಷ ನಿನ್ನ ಪಾಲಿನದನ್ನೂ ನಾನೇ ಬೈಸಿಕೊಂಡಿದ್ದೇನೆ. ಸೊರಗಿದ್ದೀಯಂತೆ, ಆ ಹದಿಮೂರು ಅಂಗಿಗಳನ್ನೂ ಬಿಚ್ಚಿ ನಿನಗೆ ಸರಿಮಾಡಿ ಕೊಡುತ್ತೇನೆ. ಹದಿನಾಲ್ಕನೆಯದನ್ನು ಮಾತ್ರ ಕೇಳಬೇಡ.

ಹುಷಾರು, ಬರುವವರೆಗೂ ಆರೋಗ್ಯ ಕಾಪಾಡಿಕೋ.

ನೀನು ಹೊರಬರುವ ದಿನ ಜೈಲಿನ ಬಾಗಿಲಲ್ಲಿ ಆ ಅಂಗಿ ತೊಟ್ಟು ನಿಂತಿರುವ,
ನಿನ್ನ ತಮ್ಮ