ಆರನೆಯ ಸುತ್ತಿನ ಗಂಟೆ

ಮನೆಯಿಂದ,
ಮಾರ್ಚ್ ೧೨, ಶನಿವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮಂಡಿ ಹೇಗಿದೆ? ಎಂಜಿನ್ ಕೋಣೆಯ ಏಣಿ ಹತ್ತಿ ಇಳಿದು ಮತ್ತೆ ಹಿಡಿದುಕೊಂಡಿದೆ ಅಂತ ಹೋದ ಸಲ ನೀನು ಬರೆದಿದ್ದೆ. ಹಡಗಿನ ಡಾಕ್ಟರಿಗೆ ತೋರಿಸಿದೆಯೋ, ಇಲ್ಲ ಎಂದಿನ ಹಾಗೆ ‘ತಾನಾಗೇ ಸರಿಹೋಗುತ್ತೆ ಬಿಡು’ ಅಂತ ಕುಂಟುತ್ತಿದ್ದೀಯೋ? ಊಟ ಬಿಸಿಯಾಗಿ ಸಿಗುತ್ತಿದೆಯಾ? ನಿದ್ದೆ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಹಾಗೆ ಬರೆದು, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಕಾಯಿಲೆ ಏನಿಲ್ಲ, ದಣಿವು ಅಷ್ಟೆ. ಶಾಲೆಯಲ್ಲಿ ಪರೀಕ್ಷೆ ಮುಗಿದಿದೆ, ಉತ್ತರ ಪತ್ರಿಕೆಗಳ ಕಟ್ಟು ಊಟದ ಮೇಜಿನ ಅರ್ಧ ಜಾಗ ತಿಂದು ಕೂತಿದೆ, ಉಳಿದರ್ಧದಲ್ಲಿ ನಿನ್ನ ಮಗಳ ಕೈಗೆ ಸುತ್ತುವ ಪಟ್ಟಿಗಳು ಒಣಗುತ್ತಿವೆ. ನಡುವೆ ಒಂದು ಅಂಗೈಯಷ್ಟು ಜಾಗ ಮಾಡಿಕೊಂಡು ನಿನಗೆ ಬರೆಯುತ್ತಿದ್ದೇನೆ. ಕಡ್ಡಿ ಒಳಗೆ ಮಲಗಿದ್ದಾಳೆ. ಇಪ್ಪತ್ತಮೂರು ತುಂಬಿ, ನನಗಿಂತ ಒಂದು ಗೇಣು ಎತ್ತರ ಬೆಳೆದು, ಭುಜ ಬಾಗಿಲಿನಷ್ಟಾದರೂ ಅವಳು ಇನ್ನೂ ಕಡ್ಡಿಯೇ. ನೀನಿಟ್ಟ ಹೆಸರು, ಅನುಭವಿಸು.

ಮೊನ್ನೆ ಫೋನಿನಲ್ಲಿ ಮೂರು ಸಲ ಮಾತು ಕಡಿಯಿತು. ನಾಲ್ಕನೆಯ ಸಲ ಸಿಕ್ಕಾಗ ನೀನು ‘ಒಂದೇ ಮಾತಲ್ಲಿ ಹೇಳು, ರೆಡಿ ಇದ್ದಾಳಾ?’ ಅಂದೆ. ನಾನು ‘ಕಾಗದ ಬರೀತೀನಿ’ ಅಂದೆ. ನಿನಗೆ ಸಿಟ್ಟು ಬಂತು, ಗೊತ್ತಾಯಿತು. ಆದರೆ ಒಂದೇ ಮಾತಿನಲ್ಲಿ ಹೇಳುವಂಥದ್ದು ನನ್ನ ಹತ್ತಿರ ಇರಲಿಲ್ಲ.

ವಿಷಯ ನಿನಗೆ ಗೊತ್ತೇ ಇದೆ, ಆದರೂ ಕ್ರಮವಾಗಿ ಹೇಳುತ್ತೇನೆ. ಬಾಕ್ಸಿಂಗ್ ಪಂದ್ಯ ಏರ್ಪಡಿಸುವ ಕಂಪನಿಯ ಆ ಕೋಟಿನ ಮನುಷ್ಯ ಮತ್ತೆ ಮನೆಗೆ ಬಂದಿದ್ದ. ಈ ಸೆಕೆಯಲ್ಲೂ ಕೋಟು ತೆಗೆಯಲಿಲ್ಲ, ಒಳಗಿನ ಅಂಗಿ ಹರಿದಿದೆಯೋ ಏನೋ. ಚಾಂಪಿಯನ್ನಳ ಜೊತೆ ಆಡಬೇಕಿದ್ದವಳ ಭುಜ ಜಾರಿದೆಯಂತೆ, ಆ ಜಾಗಕ್ಕೆ ಕಡ್ಡಿ ಬೇಕಂತೆ. ಏಳು ವಾರ ಸಮಯ, ಚಾಂಪಿಯನ್ನಳ ಊರಿನಲ್ಲೇ ಹತ್ತು ಸುತ್ತಿನ ಪಂದ್ಯ. ಕಿಟಕಿಯ ಪರದೆ ಸರಳಿಗೆ ನೇತುಹಾಕಿರುವ ಹನ್ನೊಂದು ಪದಕಗಳನ್ನು ಬೆರಳಲ್ಲಿ ಎಣಿಸಿ, ‘ಮೇಡಂ, ಇಷ್ಟೆಲ್ಲ ಗೆದ್ದಿರೋ ಹುಡುಗಿಗೆ ಇನ್ನೂ ಚಿಕ್ಕ ಪುಟ್ಟ ಪಂದ್ಯ ಯಾಕೆ ಮೇಡಂ?’ ಅಂದ. ಆ ಪದಕಗಳೆಲ್ಲ ಮೂರು ಸುತ್ತಿನವು, ಒಂಬತ್ತು ನಿಮಿಷದವು ಎಂದು ಅವನಿಗೂ ಗೊತ್ತು. ಕಡ್ಡಿ ವೃತ್ತಿಪರಳಾಗಿ ಆಡಿರುವುದು ಎರಡೇ ಪಂದ್ಯ, ಎರಡರಲ್ಲೂ ಎದುರಾಳಿ ಎರಡನೆಯ ಸುತ್ತಿಗೇ ಸಾಕು ಅಂದಳು. ಚಾಂಪಿಯನ್ ಹತ್ತೊಂಬತ್ತು ಪಂದ್ಯ ಆಡಿದವಳು. ಅವಳ ಜೊತೆ ಆಡಿದ ಇಬ್ಬರು ಮತ್ತೆ ರಿಂಗ್ ಹತ್ತಲಿಲ್ಲ. ಕಡ್ಡಿಯನ್ನು ಕೇಳಿದರೆ ಅವಳದು ಒಂದೇ ಉತ್ತರ: ‘ಅಪ್ಪ ಹೂಂ ಅಂದ್ರೆ ಹೂಂ.’ ಮುಂದಿನ ಬಂದರಿನಿಂದ ನೀನು ಫೋನ್ ಮಾಡುವವರೆಗೆ ಕೋಟಿನವನು ಕಾಯುತ್ತಾನೆ, ಅದರಾಚೆಗೆ ಒಂದು ದಿನವೂ ಇಲ್ಲ.

ಅದಕ್ಕೇ ಗುರುವಾರ ಸಂಜೆ ಕಡ್ಡಿಯ ಬಾಕ್ಸಿಂಗ್ ಮೇಷ್ಟ್ರು ಒಂದು ಪರೀಕ್ಷೆ ಇಟ್ಟರು. ಮೂರು ವರ್ಷದ ಹಿಂದೆ ಇದೇ ಚಾಂಪಿಯನ್ನಳ ಎದುರು ಹತ್ತೂ ಸುತ್ತು ನಿಂತು ಸೋತ ಒಬ್ಬಾಕೆ ಇದ್ದಾಳೆ, ಈಗ ಬೇಕರಿಯಲ್ಲಿ ಹಿಟ್ಟು ನಾದುತ್ತಾಳೆ. ಅವಳನ್ನು ಒಪ್ಪಿಸಿ ಕರೆತಂದರು. ಬಂದಾಗ ಹುಬ್ಬಿನಲ್ಲಿನ್ನೂ ಹಿಟ್ಟಿತ್ತು. ಎರಡೆರಡು ನಿಮಿಷದ ಎಂಟು ಸುತ್ತು, ದೊಡ್ಡ ಗ್ಲೌಸು, ಇಬ್ಬರಿಗೂ ತಲೆಗವಸು. ಎಂಟೂ ಸುತ್ತು ಕಡ್ಡಿ ತನ್ನ ಕಾಲ ಮೇಲೆ ನಿಂತರೆ ಅಣ್ಣನಿಗೆ ಹೂಂ ಅಂತ ಹೇಳೋಣ ಎಂಬುದು ಮೇಷ್ಟ್ರ ಲೆಕ್ಕ. ಗಂಟೆಯ ಹತ್ತಿರ ಯಥಾಪ್ರಕಾರ ನಾನು. ಹದಿನಾಲ್ಕು ವರ್ಷದಿಂದ ಆ ಮುರುಕು ಸ್ಟೂಲು, ಆ ಸ್ಟಾಪ್‌ವಾಚು, ಆ ಸುತ್ತಿಗೆ. ತಾನೇ ಹೊಡೆದುಕೊಳ್ಳುವ ಗಂಟೆ ತರೋಣ ಎಂದು ಮೇಷ್ಟ್ರು ಹೇಳಿದಾಗ ನೀನೇ ಅಡ್ಡ ಬಂದೆ. ‘ಅವಳಪ್ಪ ನಾನು, ನನ್ನ ಕೈಗೆ ಗಂಟೆ ಕೊಟ್ರೆ ಸುತ್ತು ಚಿಕ್ಕದಾಗುತ್ತೆ, ಯಂತ್ರ ಕೆಟ್ಟರೆ ಗೊತ್ತಾಗಲ್ಲ, ನನ್ನ ತಂಗಿ ಕೈಗೆ ಕೊಡಿ’ ಅಂದಿದ್ದೆ. ಶಾಲೆಯಲ್ಲಿ ಮಕ್ಕಳು ನನ್ನನ್ನು ಗಡಿಯಾರ ಮಿಸ್ ಅನ್ನುತ್ತಾರೆ, ಅತ್ತರೂ ಅರ್ಧ ನಿಮಿಷ ಹೆಚ್ಚು ಕೊಡುವುದಿಲ್ಲ ಅಂತ. ನೀನು ಅದನ್ನು ಎಲ್ಲರಿಗೂ ಹೇಳಿ ನಗುತ್ತಿದ್ದೆ.

ಮೊದಲ ನಾಲ್ಕು ಸುತ್ತು ನೀನು ನೋಡಬೇಕಿತ್ತು ಅಣ್ಣಾ. ಕಡ್ಡಿಯ ಎಡಗೈ ಹೋದದ್ದು ಕಾಣುವುದಿಲ್ಲ, ಬಂದದ್ದು ಮಾತ್ರ ಕಾಣುತ್ತದೆ. ಮುಟ್ಟುವುದು, ಹಿಂದೆ ಸರಿಯುವುದು, ಮತ್ತೆ ಮುಟ್ಟುವುದು. ಮೇಷ್ಟ್ರು ಹಗ್ಗ ಹಿಡಿದುಕೊಂಡು ತಾವೇ ಕುಣಿಯುತ್ತಿದ್ದರು. ಆದರೆ ಬೇಕರಿಯವಳು ಏಟು ತಿಂದಾಗ ಹಿಂದೆ ಹೋಗಲಿಲ್ಲ, ಒಂದು ಹೆಜ್ಜೆ ಮುಂದೆ ಬಂದಳು. ಪ್ರತಿ ಸಲವೂ. ಬಂದು ಭುಜ ಒರಗಿಸಿ, ಮೈಭಾರವನ್ನೆಲ್ಲ ಇವಳ ಮೇಲೆ ಹಾಕಿ, ಪಕ್ಕೆಗೆ ಎರಡು ಕೊಡುತ್ತಿದ್ದಳು, ಹಿಟ್ಟು ನಾದುವಷ್ಟೇ ಸಾವಕಾಶವಾಗಿ. ಐದನೆಯ ಸುತ್ತಿನ ಮಧ್ಯೆ, ಸರಿಯಾಗಿ ಒಂಬತ್ತು ನಿಮಿಷ ತುಂಬುವ ಹೊತ್ತಿಗೆ, ಕಡ್ಡಿಯ ಎರಡೂ ಕೈ ತಾವಾಗಿ ಕೆಳಗಿಳಿದವು. ದಣಿವಿಗಲ್ಲ. ಇಷ್ಟು ವರ್ಷ ಆ ಹೊತ್ತಿಗೆ ಪಂದ್ಯ ಮುಗಿದು, ಅವಳ ಕೈ ಮೇಲೆತ್ತಿ ಗೆದ್ದಳು ಅನ್ನುತ್ತಿದ್ದರಲ್ಲ, ಮೈಗೆ ಅದೇ ರೂಢಿ. ಆಗ ಬಿದ್ದ ಏಟಿನ ಸದ್ದಿಗೆ ಪಕ್ಕದ ಮೂಲೆಯಲ್ಲಿ ಹಗ್ಗ ಜಿಗಿಯುತ್ತಿದ್ದ ಹುಡುಗಿಯರು ನಿಂತುಬಿಟ್ಟರು. ಆರನೆಯದು ಕಷ್ಟದಲ್ಲಿ ಮುಗಿಯಿತು. ಏಳು, ಎಂಟರಲ್ಲಿ ಚೇತರಿಸಿಕೊಂಡಳು, ಕೊನೆಯಲ್ಲಿ ಚೆನ್ನಾಗಿಯೇ ಆಡಿದಳು. ಎಂಟೂ ಸುತ್ತು ನಿಂತಳು.

‘ನಿಂತಳಲ್ಲಮ್ಮಾ, ಇನ್ನೇನು ಬೇಕು? ಬರೆದುಬಿಡು ಅಣ್ಣನಿಗೆ’ ಅಂತ ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಬೇಕರಿಯವಳನ್ನು ಕೇಳಿದೆ. ‘ಕೈಚಳಕ ಅವಳದು ಚಾಂಪಿಯನ್‌ಗಿಂತ ಚೆನ್ನಾಗಿದೆ ಕಣ್ರೀ. ಉಳಿದದ್ದು ನನ್ನ ಕೇಳ್ಬೇಡಿ’ ಅಂದಳು. ಇನ್ನು ನನ್ನ ಅಭಿಪ್ರಾಯ. ಅಣ್ಣಾ, ಎರಡು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಅವಳು ಸಿದ್ಧ ಎಂದು ನನಗೆ ಅನ್ನಿಸುತ್ತಿದೆಯೋ, ಸಿದ್ಧವಾಗಿರಲಿ ಎಂದು ಆಸೆಯೋ? ಅಥವಾ ಗೆದ್ದೋ ಸೋತೋ ಇದೆಲ್ಲ ಒಮ್ಮೆ ಮುಗಿದು, ಮೇಜು ಪೂರ್ತಿ ನನ್ನದಾಗಲಿ ಎಂಬ ಸುಸ್ತೋ? ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಅತ್ತಿಗೆ ಹೋದಾಗ ಈ ಮಗುವನ್ನು ನನ್ನ ಮಡಿಲಿಗೆ ಹಾಕಿದೆ. ಅವಳ ಜ್ವರಕ್ಕೂ ಜಗಳಕ್ಕೂ ನಾನು ದಣಿಯಲಿಲ್ಲ. ಅವಳು ಏಟು ತಿನ್ನುವುದನ್ನು ಲೆಕ್ಕ ಹಿಡಿದು ನೋಡುತ್ತ ಕೂರುವುದರಲ್ಲಿ ದಣಿದುಹೋದೆ. ಎಂಟು ಸುತ್ತು ನಿಂತದ್ದಂತೂ ಎಲ್ಲರೂ ಕಂಡದ್ದು. ತೀರ್ಮಾನ ನಿನ್ನದು, ಅವಳಪ್ಪ ನೀನು.

ಕಡ್ಡಿ ಎದ್ದಳು, ನಲ್ಲಿಯ ಸದ್ದಾಗುತ್ತಿದೆ. ಹಡಗು ಕಂಪನಿಯ ಕಚೇರಿ ಐದಕ್ಕೆ ಮುಚ್ಚುತ್ತದೆ, ಈ ವಾರದ ಟಪಾಲು ಚೀಲ ಇವತ್ತೇ ಹೊರಡುತ್ತದೆ, ತಾನೇ ಓಡಿಹೋಗಿ ಕೊಟ್ಟು ಬರುತ್ತೇನೆ ಅನ್ನುತ್ತಿದ್ದಾಳೆ. ಮಂಡಿಗೆ ಬಟ್ಟೆ ಬಿಗಿದು ಕಟ್ಟಿಕೋ. ತಣ್ಣನೆಯ ಕಬ್ಬಿಣದ ಮೇಲೆ ಕೂರಬೇಡ. ಮೇಷ್ಟ್ರು ನಿನ್ನನ್ನು ಕೇಳಿದರು, ಬೇಗ ಬಾ ಅಂದರು. ನಾನೂ ಅದನ್ನೇ ಅನ್ನುತ್ತೇನೆ, ಅವರಿಗಿಂತ ಸ್ವಲ್ಪ ಗಟ್ಟಿಯಾಗಿ.

ನಿನ್ನ ಪ್ರೀತಿಯ
ತಂಗಿ

ತಾ.ಕ.: ಅಣ್ಣಾ, ಸಹಿ ಮಾಡಿದ ಮೇಲೆ ಬರೆಯುತ್ತಿದ್ದೇನೆ, ಅವಳು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದಾಳೆ. ಆರನೆಯ ಸುತ್ತಿನ ಗಂಟೆಯನ್ನು ನಾನು ಮೊದಲೇ ಹೊಡೆದೆ. ಒಂದು ನಿಮಿಷ ನಲವತ್ತೊಂದು ಸೆಕೆಂಡಿಗೆ. ಅವಳು ಹಗ್ಗಕ್ಕೆ ಒರಗಿ ಸಿಕ್ಕಿಬಿದ್ದಿದ್ದಳು, ಕೈ ಮೇಲೇಳುತ್ತಿರಲಿಲ್ಲ, ಮೇಷ್ಟ್ರ ಕಡೆ ನೋಡದೆ ನನ್ನ ಕಡೆ ನೋಡಿದಳು. ನನ್ನ ಕೈ ಸುತ್ತಿಗೆ ಎತ್ತಿಬಿಟ್ಟಿತು. ಮೇಷ್ಟ್ರಿಗೆ ತಿಳಿಯಲಿಲ್ಲ. ಬೇಕರಿಯವಳಿಗೆ ತಿಳಿಯಿತು. ಹೊರಡುವಾಗ ನನ್ನ ಪಕ್ಕ ನಿಂತು, ‘ಆ ಚಾಂಪಿಯನ್ ಊರಲ್ಲಿ ಗಂಟೆ ಹತ್ರ ನೀವು ಕೂರಲ್ಲ ಕಣ್ರೀ’ ಅಂದಳು. ಆ ಹತ್ತೊಂಬತ್ತು ಸೆಕೆಂಡಿನಲ್ಲಿ ಅವಳು ಬೀಳುತ್ತಿದ್ದಳೋ, ತಾನಾಗಿ ದಾರಿ ಹುಡುಕಿ ಹೊರಗೆ ಬರುತ್ತಿದ್ದಳೋ, ಈಗ ಯಾರಿಗೂ ಗೊತ್ತಿಲ್ಲ. ಅದೊಂದನ್ನು ನೋಡಲೆಂದೇ ನಾವೆಲ್ಲ ಅಲ್ಲಿ ಸೇರಿದ್ದು. ಅವಳಿಗೆ ಹೇಳಲು ಎರಡು ದಿನದಿಂದ ಬಾಯಿ ಬಂದಿಲ್ಲ. ಲಕೋಟೆಗೆ ಅಂಟು ಹಚ್ಚುತ್ತಿಲ್ಲ, ಓದಿ ಆಮೇಲೆ ಹಾಕು ಅಂತ ಹೇಳಿ ಅವಳ ಕೈಗೇ ಕೊಡುತ್ತೇನೆ. ಇದು ನಿನಗೆ ತಲುಪಿದರೆ, ಅವಳು ಓದಿಯೂ ಕಳಿಸಿದಳು ಎಂದು ತಿಳಿ. ಆಮೇಲೆ ಫೋನ್ ಮಾಡು. ನನಗಲ್ಲ, ಅವಳಿಗೆ.