ರಮೀಜನ ಕೈಗೆ ಹತ್ತಿದ ಬಣ್ಣ

ಸವಣೂರು
ಜುಲೈ ೮, ಮಂಗಳವಾರ

"ಮುಂದ ಸಾಲ್ಯಾಗ ಇವಂಗ ಯಾರ ಉಣಸ್ತಾರ್ರಿ, ಅಕ್ಕಾರ?" ಎಂದು ದಿಲ್ಶಾದ್ ಹೋದ ತಿಂಗಳು ಅತ್ತಿದ್ದಳು. ಆ ಮಾತು ನನ್ನನ್ನು ಬಿಟ್ಟೇ ಇರಲಿಲ್ಲ. ಅವಳ ಮಗ ರಮೀಜ ನಮ್ಮ ಅಂಗನವಾಡಿಯ ಹುಡುಗ. ನಾಲ್ಕು ವರ್ಷವಾದರೂ ಬೆರಳಿಗೆ ಒದ್ದೆಯದು, ಅಂಟಿನದು ಏನು ತಾಗಿದರೂ ಚೀರುತ್ತಿದ್ದ. ಅನ್ನ ಕಲಸುವುದು ದೂರದ ಮಾತು.

ಇವತ್ತು ಗೆದ್ದೆವು!

ಮೊದಲು ಬುಟ್ಟಿಯಲ್ಲಿ ಜೋಳದ ಕಾಳು ತುಂಬಿ ಆಡಿಸಿದ್ದೆ. ಆಮೇಲೆ ಒಣ ಹಿಟ್ಟು. ಇವತ್ತು ಮೈದಾಕ್ಕೆ ಉಪ್ಪು, ಎಣ್ಣೆ, ಬೀಟ್‌ರೂಟ್ ರಸ ಹಾಕಿ ಮೆತ್ತಗೆ ನಾದಿ ಮಕ್ಕಳ ಮುಂದಿಟ್ಟೆ. ಅವನನ್ನು ಮಾತ್ರ ಕರೆಯಲಿಲ್ಲ. ಗೋಡೆಗೆ ಆತು ಬಹಳ ಹೊತ್ತು ನೋಡುತ್ತ ನಿಂತಿದ್ದ. ಆಮೇಲೆ ತಾನೇ ಬಂದು ಒಂದು ಬೆರಳು ಒತ್ತಿದ. ಹತ್ತಿದ ಹಿಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅಳಲಿಲ್ಲ. ಪೂರ್ತಿ ಅಂಗೈ ಊರಿ ಕೂಗಿದ: "ಅಕ್ಕಾರ, ಇನ್ನಷ್ಟ ಕೊಡ್ರಿ!"

ಕರೆದೊಯ್ಯಲು ಬಂದ ದಿಲ್ಶಾದ್ ಬಾಗಿಲಲ್ಲೇ ನಿಂತುಬಿಟ್ಟಳು. ಅವನು ಓಡಿಹೋಗಿ ಆ ಕೆಂಪು ಕೈಯನ್ನು ಅವಳ ಕೆನ್ನೆಗೆ ಒತ್ತಿದ. ಒರೆಸಿಕೊಳ್ಳಲು ಅರಿವೆ ಕೊಡಹೋದೆ.

"ಬ್ಯಾಡ್ರಿ ಅಕ್ಕಾರ, ಹಿಂಗಽ ಹೋಗ್ತೇನಿ. ಓಣ್ಯಾಗ ಎಲ್ಲಾರೂ ನೋಡ್ಲಿ."

ಕೆನ್ನೆಯ ಮೇಲೆ ಮಗನ ಐದೂ ಬೆರಳು ಹೊತ್ತು, ಪೇಟೆಯ ನಡುವೆಯೇ ನಡೆದು ಹೋದಳು. ನಾನು ಬಾಗಿಲಲ್ಲಿ ನಿಂತು ಒಬ್ಬಳೇ ಚಪ್ಪಾಳೆ ಹೊಡೆದೆ.

ನಾಳೆ ಅರಿಸಿನದ ಹಳದಿ ಮಾಡಬೇಕು, ಪಾಲಕದ ಹಸಿರೂ... ಕಣ್ಣು ಮುಚ್ಚಿ ಬರುತ್ತಿವೆ, ನಗು ಮಾತ್ರ ನಿಲ್ಲುತ್ತಿಲ್ಲ.